ಕಾಗಕ್ಕ, ಗುಬ್ಬಕ್ಕ ಮತ್ತು ಒಂದು ಕೆಂಪು ಬಸ್ಸು

ನಮ್ಮ ಕೆಳಗಿನ ಮನೆಯವರು ಗೋವಾ ಕಡೆಯ ಕ್ರೈಸ್ತರು. ಬೆಳಗಾವಿಯ ಟಿಳಕವಾಡಿಯ ಈ ಮನೆಗೆ ನಾವು ಬಾಡಿಗೆಗೆ ಬಂದು ಆರು ವರ್ಷವಾಯಿತು. ಪ್ರತಿ ವರ್ಷ ಡಿಸೆಂಬರ್ 24ರ ರಾತ್ರಿ ಒಂದು ತಟ್ಟೆ ನೆವರಿ, ದೋದೋಲ್ ಅನ್ನುವ ಸಿಹಿತಿಂಡಿ ಮೇಲಕ್ಕೆ ಬರುತ್ತದೆ. ದೀಪಾವಳಿಗೆ ಅದೇ ತಟ್ಟೆಯಲ್ಲಿ ನಮ್ಮ ಕರ್ಚಿಕಾಯಿ ಕೆಳಕ್ಕೆ ಹೋಗುತ್ತದೆ. ನೆವರಿಗೂ ಕರ್ಚಿಕಾಯಿಗೂ ಏನು ವ್ಯತ್ಯಾಸ ಅಂತ ನನಗಿನ್ನೂ ಗೊತ್ತಾಗಿಲ್ಲ.

ಈ ಸಲ ನವೆಂಬರ್ ಕೊನೆಯಲ್ಲಿ ಕೆಳಗಿನ ಮನೆಯ ಅಕ್ಕ ಕ್ರಿಸ್‌ಮಸ್ ಗಿಡದ ಅಲಂಕಾರದ ಪೆಟ್ಟಿಗೆ ತೆಗೆದರು. ಗಾಜಿನ ಗುಂಡುಗಳಲ್ಲಿ ಉಳಿದದ್ದು ನಾಲ್ಕೇ. ಮಿಕ್ಕವನ್ನು ಹೋದ ವರ್ಷ ಬೆಕ್ಕು ಗಿಡ ಹತ್ತಿ ಮುಗಿಸಿತ್ತು. "ಈ ಸಲ ಒಡೀಲಾರದ್ದು ಏನರ ಮಾಡ್ರಿ" ಅಂತ ಮಕ್ಕಳಿಗೆ ಹೇಳಿದರು. ಮಕ್ಕಳು ನನ್ನ ಮುಖ ನೋಡಿದರು.

ನಾನು ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಪ್ಯಾಟರ್ನ್ ಮಾಡುವವನು. ಎರಕ ಹೊಯ್ಯುವ ಮೊದಲು ಮರಳಲ್ಲಿ ಅಚ್ಚು ಒತ್ತಲು ಮರದ ಮಾದರಿ ಬೇಕಲ್ಲ, ಅದು ನನ್ನ ಕೆಲಸ. ಸೂಜಿ ಹಿಡಿದದ್ದು ಅಂಗಿಗೆ ಗುಂಡಿ ಹಚ್ಚಲು ಮಾತ್ರ. ಆದರೆ ಕಾಗದದ ಮೇಲಿನ ಚಿತ್ರ ನೋಡಿ ಕೈಗೆ ಸಿಗುವ ವಸ್ತು ಮಾಡುವುದು ನನ್ನ ದಿನದ ಅನ್ನ. ಬೀಡು ಕಬ್ಬಿಣ ಆದರೇನು, ಫೆಲ್ಟ್ ಬಟ್ಟೆ ಆದರೇನು ಅಂದುಕೊಂಡು ಹೂಂ ಅಂದೆ.

ತಂಡದಲ್ಲಿ ನಾಲ್ಕು ಜನ. ಒಂಬತ್ತು ವರ್ಷದ ಮಗಳು. ಚಿತ್ರ ಚೆನ್ನಾಗಿ ಬಿಡಿಸುತ್ತಾಳೆ, ಸಿಟ್ಟು ಜಾಸ್ತಿ. ಐದು ವರ್ಷದ ಮಗ. ಕೆಳಗಿನ ಮನೆಯ ಹನ್ನೊಂದು ವರ್ಷದ ಹುಡುಗ, ಹಕ್ಕಿಗಳ ಹುಚ್ಚು. ಇವರ ಮೇಲೆ ನಮ್ಮವ್ವ. ಬೈಲಹೊಂಗಲ ಕಡೆಯವಳು, ಕೌದಿ ಹೊಲಿಯುತ್ತಲೇ ಮುದುಕಿಯಾದವಳು. ಹೆಂಡತಿ ತಂಡದಲ್ಲಿಲ್ಲ. ಅವಳು ಒಂದೇ ಮಾತು ಹೇಳಿದಳು: ನೆಲದ ಮೇಲೆ ಒಂದು ಸೂಜಿ ಸಿಕ್ಕರೂ ಅವತ್ತಿಗೆ ಕಾರ್ಖಾನೆ ಬಂದ್. ಅದಕ್ಕೆ ನಾನು ಕೆಲಸದ ಜಾಗದಿಂದ ಒಂದು ಹಳೆಯ ಅಯಸ್ಕಾಂತ ತಂದೆ. ಕೂರುವ ಮೊದಲು ಸೂಜಿ ಎಣಿಸುವುದು, ಏಳುವಾಗ ಎಣಿಸುವುದು, ಆಮೇಲೆ ಚಾಪೆಯ ಮೇಲೆ ಅಯಸ್ಕಾಂತ ಆಡಿಸುವುದು. ಈ ಒಂದು ನಿಯಮ ಮಾತ್ರ ಕೊನೆಯವರೆಗೂ ತಪ್ಪಲಿಲ್ಲ.

ಡಿಸೆಂಬರ್ 6, ಶನಿವಾರ

ಡಿಸೆಂಬರ್ ಅಂದರೆ ಬೆಳಗಾವಿಗೆ ಚಳಿ ಮತ್ತು ವಿಧಾನಮಂಡಲ ಅಧಿವೇಶನ ಎರಡೂ ಒಟ್ಟಿಗೆ ಬರುತ್ತವೆ. ಅಧಿವೇಶನ ಶುರುವಾದ ಮೇಲೆ ಯಾವ ರಸ್ತೆ ಯಾವಾಗ ಬಂದ್ ಅಂತ ಹೇಳಲಾಗುವುದಿಲ್ಲ. ಹಾಗಾಗಿ ಮೊದಲೇ ಗಣಪತ್ ಗಲ್ಲಿಗೆ ಹೋಗಿ ಸಾಮಾನು ತಂದೆವು.

ಫೆಲ್ಟ್ ಎರಡು ಬಗೆಯದು ಸಿಕ್ಕಿತು. ಒಂದು ತೆಳ್ಳಗೆ, ರಟ್ಟಿನ ಹಾಗೆ ಗಟ್ಟಿ. ಇನ್ನೊಂದು ಎರಡು ಮಿಲಿಮೀಟರ್ ದಪ್ಪ, ಮೆತ್ತಗೆ. ಎರಡೂ ಎ4 ಅಳತೆ. ಎಂಟು ಬಣ್ಣ, ಹಾಳೆಗೆ 20 ರೂಪಾಯಿ. ಜೊತೆಗೆ ಎಂಬ್ರಾಯ್ಡರಿ ದಾರದ ಆರು ಲಚ್ಚಿ, ಒಂದು ಪೊಟ್ಟಣ ಸೂಜಿ. ತುಂಬಲು ಹೊಸದೇನೂ ಕೊಳ್ಳಲಿಲ್ಲ. ಮನೆಯಲ್ಲೊಂದು ಹಳೆಯ ಫೈಬರ್ ದಿಂಬು ಇತ್ತು.

ಲೆಕ್ಕ ಹೇಳಿಬಿಡುತ್ತೇನೆ, ಕೊಳ್ಳುವವರಿಗೆ ಬೇಕಾಗುತ್ತದೆ. ಎ4 ಹಾಳೆ ಅಂದರೆ ಸುಮಾರು 21 × 29.7 ಸೆಂಟಿಮೀಟರ್. ಎಂಟು ಸೆಂಟಿಮೀಟರಿನ ಸುತ್ತು ಅಡ್ಡಕ್ಕೆ ಎರಡು, ಉದ್ದಕ್ಕೆ ಮೂರು ಕೂರುತ್ತವೆ. ಒಟ್ಟು ಆರು. ಒಂದು ಗೊಂಬೆಗೆ ಮುಂದೊಂದು ಹಿಂದೊಂದು ಬೇಕು. ಅಂದರೆ ಒಂದು ಹಾಳೆಗೆ ಮೂರೇ ಗೊಂಬೆ. ಉಳಿದ ಅಂಚಿನಲ್ಲಿ ಕೊಕ್ಕು, ಕಿವಿ, ಎಲೆ, ಚಕ್ರ. ಮಕ್ಕಳ ಕೈಗೆ ಹಾಳೆ ಕೊಟ್ಟರೆ ಅವರು ಕತ್ತರಿಸಲು ಶುರು ಮಾಡುವುದು ಸರಿಯಾಗಿ ನಟ್ಟನಡುವೆ. ಇದು ಅನುಭವದ ಮಾತು.

ಮನೆಗೆ ತಂದು ಅವ್ವನ ಮುಂದೆ ಇಟ್ಟೆ. ಅವಳು ಹಾಳೆಯ ಅಂಚು ಹಿಡಿದು ಉಗುರಿನಿಂದ ಒಂದು ಎಳೆ ಬಿಡಿಸಲು ನೋಡಿದಳು. ಬರಲಿಲ್ಲ. ತಿರುಗಿಸಿ ಇನ್ನೊಂದು ಅಂಚು ನೋಡಿದಳು. ಅಲ್ಲೂ ಇಲ್ಲ.

"ಇದಕ್ಕ ಹಾಸ ಇಲ್ಲ, ಹೊಕ್ಕ ಇಲ್ಲ. ಇದ್ಯಾವ ಅರಿವೀನೋ? ಇಪ್ಪತ್ತ ರೂಪಾಯಿ ಕೊಟ್ಟೇನು ಇಷ್ಟ ತುಂಡಿಗೆ?"

ಅವಳು ಹೇಳಿದ್ದು ಸರಿಯೇ. ಫೆಲ್ಟ್ ನೇಯ್ದದ್ದಲ್ಲ. ಎಳೆಗಳನ್ನು ಅಡ್ಡಾದಿಡ್ಡಿ ಹರಡಿ ಒಂದಕ್ಕೊಂದು ಸಿಕ್ಕಿಸಿದ್ದು. ಅಂಗಡಿಯಲ್ಲಿ ಸಿಗುವುದು ಬಹುಪಾಲು ಪಾಲಿಯೆಸ್ಟರ್. ಮುಳ್ಳುಮುಳ್ಳಾದ ಸೂಜಿಗಳಿಂದ ಚುಚ್ಚಿ ಚುಚ್ಚಿ ಎಳೆಗಳನ್ನು ಹೆಣೆದಿರುತ್ತಾರೆ. ಅದಕ್ಕೇ ಎಲ್ಲಿ ಕತ್ತರಿಸಿದರೂ ಎಳೆ ಬಿಡುವುದಿಲ್ಲ, ಅಂಚು ಮಡಿಸಿ ಹೊಲಿಯಬೇಕಿಲ್ಲ. ಮಕ್ಕಳ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಬಟ್ಟೆ ಇಲ್ಲ. ಇಷ್ಟೆಲ್ಲ ವಿವರಿಸಿದೆ. ಅವ್ವ ಕೇಳಿಸಿಕೊಂಡು, "ಅಂದ್ರ ಕಂಬಳಿ ತೊಳದಾಗ ಗಟ್ಟಿ ಆಗ್ತೈತಲ್ಲ, ಹಂಗ" ಅಂದಳು. ಆ ಮಾತು ಮುಂದಿನ ವಾರಕ್ಕೆ ಕೆಲಸ ಹಚ್ಚಿತು.

ಡಿಸೆಂಬರ್ 7, ಭಾನುವಾರ: ಚಿತ್ರದಿಂದ ಪ್ಯಾಟರ್ನ್

ಯಾವ ಗೊಂಬೆ ಅನ್ನುವುದು ಮಕ್ಕಳ ಆಯ್ಕೆ. ನಕ್ಷತ್ರ, ಗಂಟೆ ಬೇಡ ಅಂದರು. ಅವರು ಓದಿದ ಚಿತ್ರಪುಸ್ತಕಗಳಿಂದಲೇ ಬೇಕಂತೆ. ಗ್ರಂಥಾಲಯದ ಒಂದು ಪುಸ್ತಕದ ಮೇಲೆ ಬಟರ್ ಪೇಪರ್ ಇಟ್ಟು ಮಗಳು ತಿದ್ದಲು ಕೂತಳು. ಐದು ನಿಮಿಷದ ಮೇಲೆ ನೋಡಿದರೆ ಪೆನ್ಸಿಲ್ ಒತ್ತಿದ ಗೆರೆ ಪುಸ್ತಕದ ಹಾಳೆಯ ಮೇಲೆ ಹಾಗೇ ಕುಳಿ ಬಿದ್ದಿತ್ತು. ಅಲ್ಲಿಗೆ ನಿಲ್ಲಿಸಿದೆವು. ಎರವಲು ತಂದ ಪುಸ್ತಕದ ಮೇಲೆ ಯಾರೂ ತಿದ್ದಬೇಡಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ, ಪುಟವನ್ನು ಮುದ್ರಿಸಿಕೊಂಡು ಎಷ್ಟು ಬೇಕಾದರೂ ಗೀಚಬಹುದು. ಅದಕ್ಕಿಂತ ಒಳ್ಳೆಯದು ಪುಸ್ತಕ ಮುಚ್ಚಿಟ್ಟು ನೆನಪಿನಿಂದ ಬಿಡಿಸುವುದು. ಯಾಕೆ ಅಂತ ಹೇಳುತ್ತೇನೆ.

ಚಿತ್ರಪುಸ್ತಕದ ಪುಟ ಅಂದರೆ ದೊಡ್ಡದು. ಅಲ್ಲಿ ಆಮೆಯ ಚಿಪ್ಪಿನ ಮೇಲೆ ಮೂವತ್ತು ಗೆರೆ ಇರಬಹುದು, ಹಿಂದೆ ಕೆರೆ, ತಾವರೆ, ಮೋಡ ಇರಬಹುದು. ನಮಗಿರುವುದು ಎಂಟು ಸೆಂಟಿಮೀಟರ್. ಎಲ್ಲಾ ಹಾಕುತ್ತೇನೆ ಅಂದರೆ ಕಲಸುಮೇಲೋಗರ. ಏನು ಬಿಡಬೇಕು ಅನ್ನುವುದೇ ಪ್ಯಾಟರ್ನ್ ಮಾಡುವವನ ಅರ್ಧ ಕೆಲಸ. ನೆನಪಿನಿಂದ ಬಿಡಿಸಿದರೆ ಬೇಡದ್ದೆಲ್ಲ ತಾನಾಗಿಯೇ ಬಿಟ್ಟುಹೋಗಿರುತ್ತದೆ.

ಹಂಸಗಳ ಜೊತೆ ಹಾರಿದ ಆಮೆಯ ಕಥೆಗೆ ನಾನೊಂದು ಚಂದದ ಆಮೆ ಬಿಡಿಸಿದೆ. ದುಂಡು ಚಿಪ್ಪು, ನಾಲ್ಕು ಕಾಲು, ಸಣ್ಣ ಬಾಲ. ಮಗ ನೋಡಿ, "ಇದು ಆ ಆಮೆ ಅಲ್ಲ" ಅಂದ.

"ಯಾಕಪ್ಪಾ?"

"ಬಾಯಾಗ ಕಡ್ಡಿ ಎಲ್ಲೈತಿ?"

ಹೌದಲ್ಲ. ಕಡ್ಡಿ ಇಲ್ಲದಿದ್ದರೆ ಅದು ಬರೀ ಆಮೆ. ಕಡ್ಡಿ ಕಚ್ಚಿದರೆ ಮಾತ್ರ ಕಥೆಯ ಆಮೆ, ಈಗಲೋ ಆಗಲೋ ಬಾಯಿ ಬಿಟ್ಟು ಬೀಳುವ ಆಮೆ. ಚಿಪ್ಪಿನ ಗೆರೆ ಎಲ್ಲ ತೆಗೆದೆ, ಹಂಸಗಳನ್ನೂ ಬಿಟ್ಟೆ, ಕಡ್ಡಿ ಉಳಿಸಿದೆ. ಅವತ್ತಿನಿಂದ ಪ್ರತಿ ಚಿತ್ರಕ್ಕೂ ಮಗನನ್ನು ಕೇಳುವುದು ರೂಢಿಯಾಯಿತು: ಇದರಲ್ಲಿ ಏನು ತೆಗೆದರೆ ನಿನಗೆ ಸಿಟ್ಟು ಬರುತ್ತದೆ? ಅದೊಂದನ್ನು ಉಳಿಸು, ಮಿಕ್ಕದ್ದು ತೆಗೆ.

ಇನ್ನೊಂದು ಪರೀಕ್ಷೆ ನನ್ನದು. ಚಿತ್ರವನ್ನು ಕಪ್ಪು ಕಾಗದದಲ್ಲಿ ಕತ್ತರಿಸಿ ಗೋಡೆಗೆ ಅಂಟಿಸಿ, ಮೂರು ಮೀಟರ್ ದೂರ ನಿಂತು ನೋಡುವುದು. ಗುರುತು ಸಿಕ್ಕರೆ ಪಾಸು. ಹುಲಿಯಿಂದ ತಪ್ಪಿಸಿಕೊಳ್ಳಲು ಅಜ್ಜಿ ಒಳಗೆ ಕೂತು ಬರುವ ಕಥೆಯ ಕುಂಬಳಕಾಯಿ ಪಾಸು, ಆಮೆ ಪಾಸು. ಕಾಗಕ್ಕ, ಗುಬ್ಬಕ್ಕ ಮಾತ್ರ ಇಬ್ಬರೂ ಫೇಲು. ಎಂಟು ಸೆಂಟಿಮೀಟರಿಗೆ ಇಳಿಸಿದರೆ ಎರಡೂ ಒಂದೇ ಹಕ್ಕಿ!

ಆಗ ಕೆಳಗಿನ ಮನೆಯ ಹುಡುಗ ಮುಂದೆ ಬಂದ. ನಾನು ಗುಬ್ಬಿಯ ಕೊರಳಿಗೆ ಕಪ್ಪು ಮಚ್ಚೆ ಹಾಕೋಣ ಅಂದಿದ್ದೆ. "ಅಂಕಲ್, ಅದು ಗಂಡು ಗುಬ್ಬಿಗೆ ಇರ್ತದ. ಇಕಿ ಗುಬ್ಬಕ್ಕ ಅಲ್ಲಾ?" ಅಂದ. ಹೆಣ್ಣು ಗುಬ್ಬಿಗೆ ಮೈಯೆಲ್ಲ ಮಸುಕು ಕಂದು, ಕಣ್ಣಿನ ಹಿಂದೆ ಹುಬ್ಬಿನ ಹಾಗೆ ಒಂದು ತಿಳಿ ಗೆರೆ, ಅಷ್ಟೇ. ಕಾಗೆಗೆ ಬೇಕಾದದ್ದೂ ಅವನೇ ಹೇಳಿದ: ನಮ್ಮ ಓಣಿಯ ಕಾಗೆ ಪೂರ್ತಿ ಕಪ್ಪಲ್ಲ, ಕೊರಳು ಬೂದು. ಕೊಕ್ಕು ದಪ್ಪ. ಸರಿ, ಗುಬ್ಬಿಗೆ ಒಂದೆಳೆ ಕೆನೆಬಣ್ಣದ ಹುಬ್ಬು, ಕಾಗೆಗೆ ಬೂದು ಕೊರಳಪಟ್ಟಿ ಅಂತ ತೀರ್ಮಾನವಾಯಿತು.

ಇಬ್ಬರ ಮನೆಗಳ ವಿಷಯಕ್ಕೆ ಜಗಳ ಬಿತ್ತು. ಕಾಗಕ್ಕನ ಮನೆ ಸಗಣಿಯದು, ಅದಕ್ಕೆ ಎಲ್ಲರ ಒಪ್ಪಿಗೆ ಇದೆ. ಗುಬ್ಬಕ್ಕನ ಮನೆ ಕಲ್ಲಿಂದು ಅಂತ ನನ್ನ ಮಗಳು. ಇಲ್ಲ, ಮೇಣದ್ದು ಅಂತ ಕೆಳಗಿನ ಮನೆಯ ಹುಡುಗ. ಅವನು ಈ ಕಥೆ ಕೇಳಿದ್ದು ಮರಾಠಿಯಲ್ಲಿ. ಬೆಳಗಾವಿಯಲ್ಲಿ ಇಂಥ ಜಗಳ ಗುಬ್ಬಿ ಗೂಡಿನವರೆಗೂ ಬರುತ್ತದೆ ನೋಡಿ. ಅವ್ವ ತೀರ್ಪು ಕೊಟ್ಟಳು: ಎರಡೂ ಮಾಡ್ರಿ. ಬೂದು ಗಟ್ಟಿ ಫೆಲ್ಟಿನ ಮೇಲೆ ಕಲ್ಲಿನ ಗೆರೆ ಹೊಲಿದದ್ದೊಂದು, ಹಳದಿ ಮೆತ್ತನೆ ಫೆಲ್ಟಿನಲ್ಲಿ ಒಂದು. ಮಳೆಗೆ ಎರಡೂ ಕರಗಲಿಲ್ಲವಲ್ಲ, ಅಷ್ಟು ಸಾಕು.

ಅಳತೆ ಮತ್ತು ಸೋತ ಮೊಸಳೆ

ಬೀಡು ಕಬ್ಬಿಣ ಆರಿದಾಗ ಮೀಟರಿಗೆ ಸುಮಾರು 10 ಮಿಲಿಮೀಟರ್ ಕುಗ್ಗುತ್ತದೆ. ಅದಕ್ಕೇ ಪ್ಯಾಟರ್ನನ್ನು ಅಷ್ಟು ದೊಡ್ಡದಾಗಿ ಮಾಡುತ್ತೇವೆ. ಫೆಲ್ಟ್ ಕುಗ್ಗುವುದಿಲ್ಲ, ನಿಜ. ಆದರೆ ಅಂಚಿನಲ್ಲಿ ಹೊಲಿಗೆಗೆ ಸುತ್ತ ಮೂರು ಮಿಲಿಮೀಟರ್ ಹೋಗುತ್ತದೆ. ಒಳಗೆ ತುಂಬಿದಾಗ ಹೊಟ್ಟೆ ಉಬ್ಬಿ ಅಂಚು ಒಳಕ್ಕೆ ಬರುತ್ತದೆ. ಎಂಟು ಸೆಂಟಿಮೀಟರ್ ಸುತ್ತು ತುಂಬಿದ ಮೇಲೆ ಅಳೆದೆ: ಏಳು ಚಿಲ್ಲರೆ. ನಮ್ಮ ಫೌಂಡ್ರಿ ಲೆಕ್ಕಕ್ಕೆ ಇದು ಭಯಂಕರ ಕುಗ್ಗುವಿಕೆ.

ಸಣ್ಣ ಕಾಲು, ತೆಳು ಬಾಲ ಇನ್ನೂ ಕಷ್ಟ. ಮರಳಚ್ಚಿನಲ್ಲಿ ತೀರಾ ತೆಳ್ಳಗಿರುವ ಕಡೆಗೆ ಕರಗಿದ ಲೋಹ ತಲುಪುವ ಮೊದಲೇ ಆರಿಬಿಡುತ್ತದೆ. ಇಲ್ಲಿ ದಿಂಬಿನ ಫೈಬರ್ ತಲುಪುವುದಿಲ್ಲ. ಇದು ಗೊತ್ತಿದ್ದೂ ಮಗಳ ಹಟಕ್ಕೆ ಮೊಸಳೆ ಮಾಡಿದೆವು. ಬಾಲದ ತುದಿ ಒಂದು ಸೆಂಟಿಮೀಟರ್ ಅಗಲ. ಎರಡೂ ಕಡೆ ಹೊಲಿಗೆಗೆ ಹೋದ ಮೇಲೆ ಉಳಿದ ಸಂದಿಯಲ್ಲಿ ಊದಿನಕಡ್ಡಿ ಕೂಡ ಸಲೀಸಾಗಿ ಹೋಗಲಿಲ್ಲ. ತುಂಬಿದ ಹೊಟ್ಟೆ, ಒಣಗಿದ ಬಾಲ. ನೋಡಿದರೆ ಮೊಸಳೆ ಅನ್ನುವುದಕ್ಕಿಂತ ಬದನೆಕಾಯಿ ಅನ್ನಬಹುದು. ಮಗಳು ಅರ್ಧ ದಿನ ಮಾತಾಡಲಿಲ್ಲ. ನೀವು ಮಾಡುವಾಗ ಯಾವ ಭಾಗವೂ ಎರಡು ಸೆಂಟಿಮೀಟರಿಗಿಂತ ತೆಳ್ಳಗೆ ಬೇಡ. ಬೇಕೇ ಬೇಕು ಅಂದರೆ ಕಾಲು, ಬಾಲಗಳನ್ನು ಒಂಟಿ ಹಾಳೆಯಲ್ಲಿ ಕತ್ತರಿಸಿ ಎರಡು ಪದರದ ನಡುವೆ ಸಿಕ್ಕಿಸಿ ಹೊಲಿಯಿರಿ. ಆಮೆಯ ಕಾಲು ಹಾಗೇ ಮಾಡಿದ್ದು.

ಕತ್ತರಿಸುವುದಕ್ಕೆ ಒಂದು ಉಪಾಯ. ಫೆಲ್ಟ್ ಮೇಲೆ ಪೆನ್ನು ಸರಿಯಾಗಿ ಓಡುವುದಿಲ್ಲ, ಗುಂಡುಪಿನ್ನು ಚುಚ್ಚಿದ ಕಾಗದ ಜರುಗುತ್ತದೆ. ಅಗಲದ ಪಾರದರ್ಶಕ ಟೇಪಿನಿಂದ ಕಾಗದದ ಪ್ಯಾಟರ್ನನ್ನು ಫೆಲ್ಟಿಗೆ ಅಂಟಿಸಿ ಮೂರನ್ನೂ ಒಟ್ಟಿಗೆ ಕತ್ತರಿಸಿದರೆ ಗೆರೆ ಒಂಚೂರೂ ಆಚೀಚೆ ಆಗುವುದಿಲ್ಲ. ಆಮೇಲೆ ಟೇಪನ್ನು ಮೆಲ್ಲಗೆ ಎಳೆಯಬೇಕು, ಜೋರಾಗಿ ಎಳೆದರೆ ನೂಲು ಎದ್ದು ಜುಂಜು ಬರುತ್ತದೆ. ಕತ್ತರಿಗೆ ಅಂಟು ಮೆತ್ತುತ್ತದೆ, ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರೆ ಹೋಗುತ್ತದೆ. ಅವ್ವನ ಬಟ್ಟೆ ಕತ್ತರಿಯನ್ನು ಮಾತ್ರ ಇದಕ್ಕೆ ಬಳಸಬೇಡಿ. ನಾನು ಬಳಸಿದೆ. ಬೈಸಿಕೊಂಡೆ.

ಡಿಸೆಂಬರ್ 13 ಮತ್ತು 14: ಕುರಿ ಉಣ್ಣೆಯ ಕಾಗೆ

ಕಂಬಳಿಯ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಅವ್ವನ ಊರಿನ ಕುರಿಗಾರರ ಮನೆಯಿಂದ ಒಂದು ಸಣ್ಣ ಚೀಲ ಉಣ್ಣೆ ತರಿಸಿದೆ. ನಮ್ಮ ದಖ್ಖನಿ ಕುರಿಯ ಉಣ್ಣೆ. ಕಪ್ಪು, ನಡುನಡುವೆ ಬೂದು. ಒರಟು. ಕಾಗೆಗೆ ಇದಕ್ಕಿಂತ ಒಳ್ಳೆಯ ಬಣ್ಣ ಯಾವ ಅಂಗಡಿಯಲ್ಲಿ ಸಿಗಬೇಕು?

ಉಣ್ಣೆಯ ಕೂದಲಿನ ಮೇಲೆ ಮೀನಿನ ಹುರುಪೆಯಂಥ ಪದರ ಇರುತ್ತದೆ, ಕಣ್ಣಿಗೆ ಕಾಣುವಷ್ಟು ದೊಡ್ಡದಲ್ಲ. ಬಿಸಿ ನೀರು, ಸಾಬೂನು ತಾಗಿದಾಗ ಅದು ಎದ್ದು ನಿಲ್ಲುತ್ತದೆ. ಆಗ ತಿಕ್ಕಿದರೆ ಒಂದರ ಹುರುಪೆ ಇನ್ನೊಂದಕ್ಕೆ ಸಿಕ್ಕಿ ಬಿಗಿಯುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ತಪ್ಪಾಗಿ ಬಿಸಿ ನೀರಲ್ಲಿ ಒಗೆದ ಸ್ವೆಟರ್ ಕುಗ್ಗಿ ಹಲಗೆಯಾಗುವುದೂ ಇದೇ ಕಾರಣಕ್ಕೆ.

ಶನಿವಾರ ಉಣ್ಣೆ ತೊಳೆದೆವು. ಮೂರು ನೀರು ಬದಲಿಸಿದರೂ ಜಿಡ್ಡು, ಮಣ್ಣು, ಮುಳ್ಳಿನ ಬೀಜ ಬರುತ್ತಲೇ ಇತ್ತು. ಮನೆ ತುಂಬ ಕುರಿಹಟ್ಟಿಯ ವಾಸನೆ. ಒಣಗಿದ ಮೇಲೆ ಮಕ್ಕಳು ಕೈಯಿಂದ ಹಿಂಜಿದರು. ಭಾನುವಾರ ಬೆಳಿಗ್ಗೆ ಬಿಸಿಲಲ್ಲಿ ಒಂದು ಪರಾತ, ಅದರಲ್ಲಿ ಕೈ ತಡೆಯುವಷ್ಟು ಬಿಸಿ ನೀರು, ಒಂದು ಮೈಸಾಬೂನು. ಮೋಸಂಬಿಯಷ್ಟು ಉಣ್ಣೆ ತೆಗೆದು ಒಂದು ಸಲ ಅಡ್ಡ ಒಂದು ಸಲ ಉದ್ದ ಸುತ್ತಿ, ನೀರಲ್ಲಿ ಅದ್ದಿ, ಸಾಬೂನು ಹಚ್ಚಿದ ಅಂಗೈಯಲ್ಲಿ ಉಂಡೆ ಕಟ್ಟುವ ಹಾಗೆ ಉರುಳಿಸುವುದು. ಮೊದಲ ಐದು ನಿಮಿಷ ಹಗುರ ಕೈ. ಇಲ್ಲಿ ಅವಸರ ಮಾಡಿ ಒತ್ತಿದರೆ ಉಂಡೆಗೆ ಬಿರುಕು ಬೀಳುತ್ತದೆ, ಆ ಬಿರುಕು ಮತ್ತೆ ಕೂಡುವುದಿಲ್ಲ. ನಮ್ಮ ಮೊದಲೆರಡು ಹಾಗೇ ಹೋದವು. ಆಮೇಲೆ ಉಂಡೆ ಬಿಗಿಯಾಗುತ್ತಿದ್ದಂತೆ ಕೈ ಜೋರು.

ಅವ್ವ ಮಗನ ಪಕ್ಕದಲ್ಲಿ ಕೂತು, "ಹಿಂಗಲ್ಲೋ, ಶೇಂಗಾ ಉಂಡಿ ಕಟ್ಟಿದಂಗ ಒತ್ತಬ್ಯಾಡ. ರವಾ ಉಂಡಿ, ರವಾ ಉಂಡಿ" ಅಂತ ಹೇಳುತ್ತಿದ್ದಳು. ನಾನು ಇಡೀ ವಾರ ಹುಡುಕುತ್ತಿದ್ದ ಮಾತು ಇದೇ. ಎಷ್ಟು ಒತ್ತಡ ಅನ್ನುವುದನ್ನು ಐದು ವರ್ಷದ ಕೈಗೆ ಬೇರೆ ಯಾವ ರೀತಿ ಹೇಳಲಿ?

ಇಪ್ಪತ್ತು ನಿಮಿಷಕ್ಕೆ ಮೋಸಂಬಿ ನಿಂಬೆಹಣ್ಣಾಗಿತ್ತು. ಒರಟು ಉಣ್ಣೆಯಾದ್ದರಿಂದ ಮೇಲೆಲ್ಲ ಕೂದಲು ಚಾಚಿಕೊಂಡಿತ್ತು, ಕತ್ತರಿಯಿಂದ ಸವರಿದೆವು. ಎರಡು ದಿನ ಒಣಗಿದ ಮೇಲೆ ತಲೆಗೆ ಒಂದು ಸಣ್ಣ ಉಂಡೆ, ಮೈಗೆ ಒಂದು ದೊಡ್ಡದು, ನಡುವೆ ಬೂದು ಉಣ್ಣೆಯ ಪಟ್ಟಿ, ಕಪ್ಪು ಗಟ್ಟಿ ಫೆಲ್ಟಿನ ಕೊಕ್ಕು. ಚಳಿಗೆ ಮೈ ಉಬ್ಬಿಸಿ ಕೂತ ಕಾಗೆ. ಇದರ ಮುಂದೆ ಅಂಗಡಿ ಫೆಲ್ಟಿನ ಗುಬ್ಬಕ್ಕ ತುಸು ಸಪ್ಪೆ ಕಂಡಳು, ನಿಜ ಹೇಳಬೇಕಲ್ಲ.

ಹೊಲಿಗೆ, ತುಂಬುವುದು, ಮತ್ತು ಇಸ್ತ್ರಿಯ ಕಥೆ

ಎಂಬ್ರಾಯ್ಡರಿ ದಾರದಲ್ಲಿ ಆರು ಎಳೆ ಇರುತ್ತವೆ. ಅಂಚಿಗೆ ಮೂರೆಳೆ, ಕಣ್ಣು ಹುಬ್ಬಿಗೆ ಎರಡೆಳೆ ಸಾಕು. ನಾನು ವಿಡಿಯೊ ನೋಡಿ ಬ್ಲ್ಯಾಂಕೆಟ್ ಸ್ಟಿಚ್ ಕಲಿತೆ. ದರ್ಜಿಗಳು ಕಾಜಾ ಹಾಕುತ್ತಾರಲ್ಲ, ಅದನ್ನೇ ನಾಲ್ಕು ಮಿಲಿಮೀಟರ್ ಬಿಟ್ಟು ಬಿಟ್ಟು ಹಾಕಿದ ಹಾಗೆ. ನಾನು ಒಂದು ಆಮೆ ಸುತ್ತುವಷ್ಟರಲ್ಲಿ ಅವ್ವ ಎರಡು ಮನೆ, ಒಂದು ಗುಬ್ಬಿ ಮುಗಿಸಿದ್ದಳು. ಅವಳದು ಕೌದಿಯ ಓಟದ ಹೊಲಿಗೆ, ಅಷ್ಟೇ. ಸೂಜಿಯಲ್ಲಿ ಐದಾರು ಸಲ ಬಟ್ಟೆ ಪೋಣಿಸಿ ಒಮ್ಮೆಲೇ ಎಳೆಯುತ್ತಾಳೆ. ಒಂದು ಸುತ್ತು ಹೋಗಿ, ಬಿಟ್ಟ ಸಂದಿಗಳಲ್ಲಿ ತಿರುಗಿ ಬರುತ್ತಾಳೆ. ಹಾಗೆ ತಿರುಗಿ ಬರದಿದ್ದರೆ ತುಂಬಿದಾಗ ಸಂದಿ ಬಾಯಿ ಬಿಡುತ್ತದೆ. ಮಗಳ ಗುಬ್ಬಿ ಹಾಗೇ ಬಿಟ್ಟಿತು.

ಮಗನಿಗೆ ಚೂಪು ಸೂಜಿ ಕೊಡಲಿಲ್ಲ. ಥರ್ಮೊಕೋಲ್ ಮೇಲೆ ಫೆಲ್ಟ್ ಇಟ್ಟು ದಬ್ಬಣದಿಂದ ನಾನೇ ತೂತು ಮಾಡಿಕೊಟ್ಟೆ, ಮೊಂಡು ಸೂಜಿಯಲ್ಲಿ ಅವನು ದಾರ ಎಳೆದ. ಒಂದು ಕಡೆಯಿಂದ ಹೋದದ್ದು ಇನ್ನೊಂದು ಕಡೆಯಿಂದ ಬರಬೇಕು ಅನ್ನುವುದು ತಲೆಗೆ ಹೋಗಲು ಒಂದು ಸಂಜೆ ಬೇಕಾಯಿತು. ಆಮೇಲೆ ನಿಲ್ಲಿಸಲು ಒಂದು ಸಂಜೆ.

ಕಣ್ಣಿಗೆ ಮಣಿ ಬೇಡ. ಮೂರು ವರ್ಷದೊಳಗಿನ ಮಗು ಬರುವ ಮನೆಯಲ್ಲಿ ಮಣಿ ಕಿತ್ತು ಬಾಯಿಗೆ ಹೋಗುವುದು ಎಷ್ಟು ಹೊತ್ತು? ಎಲ್ಲ ಕಣ್ಣುಗಳೂ ದಾರದ ಗಂಟು.

ತುಂಬಲು ಮೂರು ಸೆಂಟಿಮೀಟರ್ ಬಾಯಿ ಬಿಡಬೇಕು. ಕಡಲೆಕಾಳಿನಷ್ಟು ಕಡಲೆಕಾಳಿನಷ್ಟೇ ಫೈಬರ್ ಹಾಕಿ ಪೆನ್ಸಿಲಿನ ಹಿಂತುದಿಯಿಂದ ಮೂಲೆಗೆ ತಳ್ಳಬೇಕು. ಒಂದೇ ಸಲ ದೊಡ್ಡ ಮುದ್ದೆ ಹಾಕಿದರೆ ಗಡ್ಡೆ ಗಡ್ಡೆ. ತೂಗು ದಾರವನ್ನು ಬಾಯಿ ಮುಚ್ಚುವ ಮೊದಲೇ ಎರಡು ಪದರದ ನಡುವೆ ಗಂಟು ಹಾಕಿ ಹೊಲಿಯಿರಿ. ಆಮೇಲೆ ಹಚ್ಚಿದರೆ ಕೀಳುತ್ತದೆ.

ಅವ್ವ ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ನಾಲ್ಕು ಜೋಳದ ಕಾಳು ಹಾಕುತ್ತಾಳೆ. ಹಸಿದ ಹೊಟ್ಟೆಯಲ್ಲಿ ಮುಚ್ಚಬಾರದಂತೆ. ಗೊಂಬೆಗಳಿಗೂ ಹಾಕಲು ಹೋದಳು. ನುಸಿ ಹಿಡಿಯುತ್ತದೆ ಅಂತ ನಾನು ತಕರಾರು ತೆಗೆದೆ. "ಹುರದು ಹಾಕಿದ್ರ ಆತು" ಅಂತ ಒಲೆ ಹಚ್ಚಿಯೇ ಬಿಟ್ಟಳು. ಹಾಗಾಗಿ ನಮ್ಮ ಪ್ರತಿ ಗೊಂಬೆಯ ಹೊಟ್ಟೆಯಲ್ಲಿ ಒಂದೊಂದು ಹುರಿದ ಜೋಳ ಇದೆ. ಕುಂಬಳಕಾಯಿಗೆ ಎರಡು, ಒಳಗೆ ಅಜ್ಜಿ ಇದ್ದಾಳಲ್ಲ.

ಕುಂಬಳಕಾಯಿ ಮಾಡುವುದು ಎಲ್ಲಕ್ಕಿಂತ ಮಜ. ದುಂಡಗೆ ತುಂಬಿದ ಕಿತ್ತಳೆ ಗುಂಡಿನ ನಡುವಿಂದ ದಬ್ಬಣ ಹಾಯಿಸಿ, ದಾರವನ್ನು ಹೊರಗಿನಿಂದ ಸುತ್ತಿ ತಂದು ಮತ್ತೆ ಅದೇ ನಡುವಿಗೆ ಹಾಕಿ ಬಿಗಿಯಾಗಿ ಎಳೆಯಬೇಕು. ಎಳೆದ ಕಡೆ ಪಟ್ ಅಂತ ಒಂದು ಹೋಳು ಮೂಡುತ್ತದೆ. ಆರು ಸಲ ಎಳೆದರೆ ಆರು ಹೋಳು. ಪ್ರತಿ ಎಳೆತಕ್ಕೂ ಮಕ್ಕಳು ಕೂಗಿದರು. ಒಂದು ಹೋಳಿನ ಮೇಲೆ ಕಪ್ಪು ಸುತ್ತು, ಅದರೊಳಗೆ ಎರಡು ಗಂಟಿನ ಕಣ್ಣು, ಬಿಳಿ ದಾರದ ಕೂದಲು. ಹುಲಿ ಬೇಕಾಗಲಿಲ್ಲ. ಅಜ್ಜಿಯ ಕಣ್ಣು ನೋಡಿದರೆ ಹುಲಿ ಎದುರಿಗೇ ಇದೆ ಅನ್ನಿಸುತ್ತದೆ.

ಇನ್ನು ತಪ್ಪುಗಳು. ಸುಕ್ಕಾಗಿದ್ದ ಹಸಿರು ಹಾಳೆಗೆ ಅಂಗಿಗೆ ಮಾಡುವಷ್ಟೇ ಬಿಸಿಯಲ್ಲಿ ಇಸ್ತ್ರಿ ಒತ್ತಿದೆ. ಪಾಲಿಯೆಸ್ಟರ್ ಅಂತ ನಾನೇ ಅವ್ವನಿಗೆ ಪಾಠ ಹೇಳಿದ್ದೆ! ಹಾಳೆ ಮುದುಡಿ, ಹೊಳಪೆದ್ದು, ಇಸ್ತ್ರಿಗೇ ಮೆತ್ತಿಕೊಂಡಿತು. ಕಾಗದದ ಮೇಲೆ ಪುಡಿ ಉಪ್ಪು ಹರಡಿ ಬಿಸಿ ಇಸ್ತ್ರಿ ಉಜ್ಜಿದಾಗ ಬಿಟ್ಟಿತು. ಸುಕ್ಕು ತೆಗೆಯಲೇಬೇಕು ಅಂದರೆ ಮೇಲೆ ಒದ್ದೆ ಹತ್ತಿ ಬಟ್ಟೆ ಹಾಕಿ, ಕಡಿಮೆ ಬಿಸಿಯಲ್ಲಿ ಮುಟ್ಟಿಸಿ ತೆಗೆಯಿರಿ. ಇನ್ನೊಂದು, ಶಾಲೆಯ ಬಿಳಿ ಅಂಟು. ಫೆಲ್ಟ್ ಅದನ್ನು ಕುಡಿದು, ಒಣಗಿದ ಮೇಲೆ ಗಂಜಿ ಹಾಕಿದ ಹಾಗೆ ಗಟ್ಟಿ ಕಲೆ ಬಿಡುತ್ತದೆ. ಬಿಸಿ ಅಂಟಿನ ಗನ್ ನನ್ನ ಹೆಬ್ಬೆರಳು ಸುಟ್ಟಿತು. ಆಮೇಲೆ ಎಲ್ಲಾ ಹೊಲಿಗೆಯೇ.

ಬಸ್ಸು

ಮಗ ತನ್ನ ಪುಸ್ತಕ ತಂದ. ಅದರಲ್ಲಿ ಕಥೆಯೇ ಇಲ್ಲ, ಪುಟಕ್ಕೊಂದು ಗಾಡಿ. ಅವನಿಗೆ ಕೆಂಪು ಬಸ್ಸು ಬೇಕು.

"ಕ್ರಿಸ್‌ಮಸ್ ಗಿಡಕ್ಕ ಯಾರರ ಬಸ್ಸು ಕಟ್ತಾರ?" ಅಂತ ಮಗಳು.

ನಾನು ಅವಳಿಗೆ ಹೇಳಿದೆ: ಮೊದಮೊದಲು ಗಿಡಕ್ಕೆ ಕಟ್ಟುತ್ತಿದ್ದದ್ದು ಸೇಬು, ಅಕ್ರೋಟ್, ಬಿಸ್ಕತ್ತು. ಗಾಜಿನ ಗುಂಡು ಬಂದದ್ದು ಜರ್ಮನಿಯ ಲೌಶಾ ಅನ್ನುವ ಗಾಜು ಊದುವ ಊರಿನಿಂದ, ಅದೂ 19ನೆಯ ಶತಮಾನದಲ್ಲಿ. ಅವರ ಕೈಗೆ ಏನು ಸಿಕ್ಕಿತೋ ಅದನ್ನು ಕಟ್ಟಿದರು. ಅವಳು ಒಪ್ಪಲಿಲ್ಲ. ಕೆಳಗಿನ ಮನೆಯ ಹುಡುಗ ಹೇಳಿದ ಮಾತಿಗೆ ಒಪ್ಪಿದಳು: "ನಮ್ಮ ಮಾಮಾ ಗೋವಾದಿಂದ ಕ್ರಿಸ್‌ಮಸ್‌ಗೆ ಬಸ್ಸಿನ್ಯಾಗೇ ಬರ್ತಾನ."

ಗಟ್ಟಿ ಕೆಂಪು ಫೆಲ್ಟ್, ಬಿಳಿ ಕಿಟಕಿ ಐದು, ಕಪ್ಪು ಚಕ್ರ ಎರಡು. ಚೌಕದ ಗೊಂಬೆ ತುಂಬಿದರೆ ದಿಂಬಾಗುತ್ತದೆ, ಹಾಗಾಗಿ ತುಂಬದೆ ನಡುವೆ ಒಂದು ರಟ್ಟು ಇಟ್ಟು ಹೊಲಿದೆವು. ಜೋಳದ ಕಾಳು ರಟ್ಟಿನ ಪಕ್ಕದಲ್ಲಿ ಕೂತಿತು. ಮಗ ಕಿಟಕಿಗೊಂದು ಮುಖ ಅಂತ ಹೊಲಿಯುತ್ತಾ ಹೋಗಿ ಡ್ರೈವರನನ್ನು ಮರೆತ.

ಡಿಸೆಂಬರ್ 21, ಭಾನುವಾರ

ಕೆಳಗಿನ ಮನೆಯಲ್ಲಿ ಸರುವೆ ಗಿಡದ ಟೊಂಗೆ ತಂದು ಮಣ್ಣು ತುಂಬಿದ ಬಕೆಟಿನಲ್ಲಿ ನೆಟ್ಟಿದ್ದರು. ಸರುವೆಯ ಎಳೆಗಳು ತೆಳು, ಜೋತುಬೀಳುತ್ತವೆ. ದಾರದ ಕುಣಿಕೆ ಸುಮ್ನೆ ನೇತುಹಾಕಿದರೆ ಜಾರಿ ಕೆಳಗೆ. ಒಂದು ಸುತ್ತು ಸುತ್ತಿ ಗಂಟು ಹಾಕಬೇಕಾಯಿತು. ಉಣ್ಣೆಯ ಕಾಗೆ ಭಾರ, ಅದಕ್ಕೆ ಕಾಂಡದ ಹತ್ತಿರ ಜಾಗ. ಕಾಗಕ್ಕ ಒಳಗೆ ಬೆಚ್ಚಗೆ ಕೂತಳು, ಗುಬ್ಬಕ್ಕ ಹೊರಗಿನ ಟೊಂಗೆಗೆ ಬಂದಳು. ಕಥೆ ಉಲ್ಟಾ ಆಯಿತು ಅಂತ ಮಕ್ಕಳು ನಕ್ಕರು. ಮೇಣದಬತ್ತಿ ಹತ್ತಿರ ಬೇಡ, ಎಲ್‌ಇಡಿ ಸರ ಮಾತ್ರ ಅಂತ ಅಕ್ಕನಿಗೆ ಹೇಳಿಬಂದೆ. ಪಾಲಿಯೆಸ್ಟರ್ ಬಿಸಿಗೆ ಮುದುಡಿ ಮೆತ್ತಿಕೊಳ್ಳುವುದನ್ನು ಇಸ್ತ್ರಿಯ ಕೆಳಗೆ ಕಣ್ಣಾರೆ ನೋಡಿದ್ದೆನಲ್ಲ.

ಒಟ್ಟು ಹದಿನಾಲ್ಕು ಗೊಂಬೆ. ಬೆಕ್ಕು ಮೊದಲ ರಾತ್ರಿಯೇ ಮೂರನ್ನು ಕೆಡವಿತು. ಒಂದೂ ಒಡೆಯಲಿಲ್ಲ.

ಉಳಿದ ಚೂರು, ಸೋತ ಮೊಸಳೆ, ಬಾಯಿ ಬಿಟ್ಟ ಗುಬ್ಬಿ ಒಂದು ಚೀಲದಲ್ಲಿದ್ದವು. ಡಿಸೆಂಬರ್ 31ರ ರಾತ್ರಿ ನಮ್ಮೂರಿನ ಕ್ಯಾಂಪ್ ಪ್ರದೇಶದಲ್ಲಿ ಸುಡುವ, ಹಳೆಯ ವರ್ಷದ ಗುರುತಾದ ಓಲ್ಡ್ ಮ್ಯಾನ್ ಬೊಂಬೆಯ ಒಳಗೆ ತುಂಬೋಣ ಅಂತ ಮಗನ ಆಸೆ. ಪ್ಲಾಸ್ಟಿಕ್ ಹೊಗೆ ಬೇಡ ಅಂದೆ. ಅವ್ವ ಚೀಲ ಕಸಿದುಕೊಂಡು ಈಗ ಹೊಲಿಯುತ್ತಿರುವ ಕೌದಿಯ ಪದರದೊಳಗೆ ಹರಡಿದಳು. ಮೊಸಳೆ ಇಡಿಯಾಗಿಯೇ ಹೋಯಿತು. ಕೌದಿಯ ಬಲ ಮೂಲೆಯಲ್ಲಿ ಒಂದು ಉಬ್ಬಿದೆ, ಮುಟ್ಟಿ ನೋಡಿದರೆ ಗೊತ್ತಾಗುತ್ತದೆ.

ಜನವರಿ 6 ಕಳೆದ ಮೇಲೆ ಗಿಡ ತೆಗೆದರು. ಗೊಂಬೆಗಳು ಸ್ಟೀಲಿನ ಡಬ್ಬಿಗೆ. ಕಾಗೆಗೆ ಮಾತ್ರ ಬೇರೆ ಪೊಟ್ಟಣ, ಒಣ ಬೇವಿನ ಎಲೆ ಜೊತೆಗೆ. ಉಣ್ಣೆಗೆ ಹುಳ ಬರುತ್ತದೆ, ಪಾಲಿಯೆಸ್ಟರಿಗೆ ಬರುವುದಿಲ್ಲ. ಎಣಿಸಿದರೆ ಹದಿಮೂರು. ಗುಬ್ಬಕ್ಕ ಇಲ್ಲ. ಮಕ್ಕಳು ಬಕೆಟಿನ ಮಣ್ಣನ್ನೂ ಕೆದಕಿ ನೋಡಿದರು.

ಕೆಳಗಿನ ಮನೆಯ ಅಕ್ಕನ ಸ್ಕೂಟರ್ ಕೀಲಿಗೆ ಕಂದು ಬಣ್ಣದ್ದೇನೋ ನೇತಾಡುತ್ತಿದೆ. ನಾನು ಮಕ್ಕಳಿಗೆ ಇನ್ನೂ ಹೇಳಿಲ್ಲ.